ಮೇ ತಿಂಗಳಲ್ಲಿ ಅಮ್ಮ, ಮಗಳ ಜೊತೆ ಸ್ಪೇನ್: ಊರೂ ಬೇಕು, ಸಮುದ್ರವೂ ಬೇಕು. ಬಾರ್ಸಿಲೋನಾನಾ, ವೆಲೆನ್ಸಿಯಾನಾ?

ಮೈಸೂರ್_ಪಾಕ್ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರದಿಂದ ಹತ್ತು ದಿನ ಸ್ಪೇನಿಗೆ ಹೋಗುವ ಯೋಚನೆ ಇದೆ. ನಾನು, ನನ್ನ ಗಂಡ, ಏಳು ವರ್ಷದ ಮಗಳು, ಅರವತ್ತಾರು ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು. ಜೊತೆಗೆ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಮಗಳಿಗೆ ಮರಳು, ನೀರು ಸಿಕ್ಕರೆ ಸಾಕು. ಗಂಡನಿಗೆ ಹಳೇ ಕಟ್ಟಡ, ಮಾರ್ಕೆಟ್ಟು ಅಂದ್ರೆ ಪ್ರಾಣ. ನನಗೆ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಬಸ್ ಹತ್ತದಿದ್ದರೆ ಅದೇ ರಜ.

ಏಜೆಂಟ್ ಒಬ್ಬರು ಕೊಟ್ಟ ಪಟ್ಟಿ ನೋಡಿ: ಬಾರ್ಸಿಲೋನಾ 2 ದಿನ, ಮ್ಯಾಡ್ರಿಡ್ 2, ಸೆವಿಲ್ 2, ಗ್ರನಾಡಾ 1, ವೆಲೆನ್ಸಿಯಾ 1, ಮತ್ತೆ ಬಾರ್ಸಿಲೋನಾ 2. ಓದುವಾಗಲೇ ಸುಸ್ತಾಯಿತು. ಇದರಲ್ಲಿ ಸಮುದ್ರ ಎಲ್ಲಿ ಅಂತ ಕೇಳಿದರೆ "ಬಾರ್ಸಿಲೋನಾದಲ್ಲಿ ಬಸ್ಸಿನಿಂದ ಕಾಣಿಸುತ್ತದೆ ಮೇಡಂ" ಅಂದರು.

ಒಂದೇ ಕಡೆ ಕೂತು ಊರು, ಬೀಚು ಎರಡೂ ನೋಡುವ ಹಾಗಿದ್ದರೆ ಎಲ್ಲಿ?

ಜಯನಗರ_4ನೇ_ಬ್ಲಾಕ್ · ಫೆಬ್ರವರಿ 9

ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಬಾರ್ಸಿಲೋನಾ. ಆರ್ಕಿಟೆಕ್ಟ್ ಗೌಡಿಯ ಸಗ್ರಾದಾ ಫಮೀಲಿಯಾ ಚರ್ಚ್ 1882ರಲ್ಲಿ ಕಟ್ಟಲು ಶುರು ಮಾಡಿದ್ದು, ಕೆಲಸ ಇವತ್ತಿಗೂ ನಡೆಯುತ್ತಲೇ ಇದೆ. ಒಳಗೆ ಹೋಗಿ ತಲೆ ಎತ್ತಿದರೆ ಕಲ್ಲಿನ ಕಾಡಿನಲ್ಲಿ ನಿಂತ ಹಾಗಿರುತ್ತದೆ. ಸಂಜೆ ನಾಲ್ಕರ ಮೇಲೆ ಪಶ್ಚಿಮದ ಕಿಟಕಿಗಳಿಂದ ಕೆಂಪು, ಕೇಸರಿ ಬೆಳಕು ಬಂದು ಬೀಳುತ್ತದೆ, ಆ ಹೊತ್ತಿಗೆ ಟಿಕೆಟ್ ಮಾಡಿ. ಟಿಕೆಟ್ ಆನ್‌ಲೈನಲ್ಲಿ ಮೊದಲೇ ತಗೋಬೇಕು, ಬಾಗಿಲಿಗೆ ಹೋಗಿ ನಿಂತರೆ ಕೆಲಸ ಆಗಲ್ಲ.

ಬೀಚ್ ಊರೊಳಗೇ ಇದೆ. ಮೆಟ್ರೋದಲ್ಲಿ ಹೋಗಬಹುದು.

ಪಡುಕರೆ_ಮೀನ್ · ಫೆಬ್ರವರಿ 10

ಬಾರ್ಸಿಲೋನಾ ಬೀಚಾ ಮಾರಾಯ್ರೆ? ಅಲ್ಲಿನ ಹೆಚ್ಚಿನ ಮರಳು 1992ರ ಒಲಿಂಪಿಕ್ಸ್ ಹೊತ್ತಿಗೆ ತಂದು ಹಾಕಿದ್ದು. ಅದಕ್ಕೆ ಮುಂಚೆ ಆ ದಡದಲ್ಲಿ ಕಾರ್ಖಾನೆ, ರೈಲು ಹಳಿ ಇತ್ತು. ಕೆಟ್ಟದು ಅಂತಲ್ಲ. ಆದರೆ ಉಡುಪಿಯವನ ಕಣ್ಣಿಗೆ ಅದು ಬೀಚ್ ಅನ್ನಿಸಲ್ಲ, ಸಮುದ್ರದ ಪಕ್ಕದ ಪಾರ್ಕ್ ಅನ್ನಿಸುತ್ತದೆ.

ಇನ್ನೊಂದು ಮಾತು. ಮಲ್ಪೆ, ಮರವಂತೆ, ಗೋಕರ್ಣ ಬಿಟ್ಟು ಅಷ್ಟು ದೂರ ಬೀಚಿಗೆ ಅಂತ ಯಾಕೆ ಹೋಗಬೇಕು ಅಂತ ನಾನೂ ಕೇಳುತ್ತಿದ್ದೆ. ಹೋದ ಮೇಲೆ ಗೊತ್ತಾಯಿತು. ಮೆಡಿಟರೇನಿಯನ್‌ನಲ್ಲಿ ಉಬ್ಬರ-ಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನಮ್ಮ ಕಡಲಿನ ಸೆಳೆತ, ಆ ಅಬ್ಬರ ಅಲ್ಲಿಲ್ಲ. ಬೆಳಿಗ್ಗೆ ಹಾಸಿದ ಚಾಪೆ ಸಂಜೆಯವರೆಗೂ ಇದ್ದಲ್ಲೇ ಇರುತ್ತದೆ. ಮಕ್ಕಳಿರುವವರಿಗೆ ಬಹಳ ಒಳ್ಳೆಯದು. ಹಾಗಂತ ಮೈಮರೆಯಬೇಡಿ, ಗಾಳಿ ಎದ್ದ ದಿನ ಅದೂ ಎಳೆಯುತ್ತದೆ. ಬಾವುಟ ನೋಡಿ ಇಳಿಯಬೇಕು: ಹಸಿರು ಆದರೆ ಸರಿ, ಹಳದಿ ಆದರೆ ಜಾಗ್ರತೆ, ಕೆಂಪು ಆದರೆ ದಡದಲ್ಲೇ ಕೂತು ಚುರುಮುರಿ ತಿನ್ನುವುದು.

ತೂರಿಯಾ_ತೀರ · ಫೆಬ್ರವರಿ 10

ನಾನು ವೆಲೆನ್ಸಿಯಾದಲ್ಲಿ ಆರು ವರ್ಷದಿಂದ ಇದ್ದೇನೆ, ಮೂಲ ಶಿವಮೊಗ್ಗ. ನನ್ನ ಮಾತಲ್ಲಿ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಂಡು ಹೇಳುತ್ತೇನೆ.

ಏಜೆಂಟ್ ಪಟ್ಟಿ ಹರಿದು ಹಾಕಿ ಮೇಡಂ. ಹತ್ತು ದಿನದಲ್ಲಿ ಐದು ಸಲ ಸೂಟ್‌ಕೇಸ್ ಕಟ್ಟುವುದು ರಜ ಅಲ್ಲ, ಟ್ರಾನ್ಸ್‌ಫರ್. ಮೂರು ದಿನ ಬಾರ್ಸಿಲೋನಾ, ಏಳು ದಿನ ವೆಲೆನ್ಸಿಯಾ ಮಾಡಿ. ನಡುವೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಬಾರ್ಸಿಲೋನಾದಿಂದ ದಕ್ಷಿಣಕ್ಕೆ ಬರುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ.

ಈ ಊರಿನ ಆಕಾರ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಪಶ್ಚಿಮಕ್ಕೆ ಹಳೇ ಊರು. ಪೂರ್ವಕ್ಕೆ ಸಮುದ್ರ. ಎರಡರ ನಡುವೆ ಒಂದು ನದಿ. ಆದರೆ ನದಿಯಲ್ಲಿ ನೀರಿಲ್ಲ, ಮರ ಇವೆ.

1957ರ ಅಕ್ಟೋಬರ್ 14ರಂದು ತೂರಿಯಾ ನದಿ ಉಕ್ಕಿ ಊರೊಳಗೆ ನುಗ್ಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ನದಿಯನ್ನೇ ಎತ್ತಿ ಊರಿನ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿ ತಿರುಗಿಸಿತು. ಖಾಲಿಯಾದ ಹಳೇ ಪಾತ್ರದಲ್ಲಿ ದೊಡ್ಡ ಹೈವೇ ಮಾಡುವ ಪ್ಲಾನ್ ಇತ್ತು. ಜನ ಬಿಡಲಿಲ್ಲ. ನದಿ ಪಾತ್ರ ನಮ್ಮದು, ನಮಗೆ ಹಸಿರೇ ಬೇಕು ಅಂತ ಕೂತರು. ಈಗ ಅದು ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ತೋಟ. ಮೇಲೆ ಹಳೇ ಕಲ್ಲಿನ ಸೇತುವೆಗಳು ಹಾಗೇ ಇವೆ. ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಅಜ್ಜಂದಿರು ಬೆಂಚಿನ ಮೇಲೆ ಕೂತಿರುತ್ತಾರೆ. ಒಂದು ಕಡೆ ಮಕ್ಕಳು ಹತ್ತಿ ಆಡಲು ಅಂತ ಮಾಡಿದ, ಕಥೆಪುಸ್ತಕದ ಗಲಿವರ್ ಮಲಗಿದ್ದಾನೆ. ಎಪ್ಪತ್ತು ಮೀಟರ್ ಉದ್ದ. ಅವನ ಕೂದಲು, ಬಟ್ಟೆಯ ಮಡಿಕೆ, ಕೈಬೆರಳು ಎಲ್ಲಾ ಜಾರುಬಂಡೆ. ನಿಮ್ಮ ಮಗಳನ್ನು ಅಲ್ಲಿಂದ ವಾಪಸ್ ಕರೆದುಕೊಂಡು ಬರೋದು ನಿಮ್ಮ ಜವಾಬ್ದಾರಿ. ಟಿಕೆಟ್ ಇಲ್ಲ.

ತೋಟದ ಸಮುದ್ರದ ಕಡೆಯ ತುದಿಯಲ್ಲಿ ಆ ಬಿಳೀ ಬಿಳೀ ಕಟ್ಟಡಗಳು, ಫೋಟೋದಲ್ಲಿ ನೋಡಿರುತ್ತೀರಿ. ಅವುಗಳ ಆರ್ಕಿಟೆಕ್ಟ್ ಕಲಾತ್ರಾವಾ ಇದೇ ಊರಿನವರು. ಹೊರಗಿಂದ ನೋಡಿದರೆ ಸಾಕು. ಅಕ್ವೇರಿಯಂ ಮಾತ್ರ ಒಳಗೆ ಹೋಗಬಹುದು. ಯುರೋಪಿನ ತೀರಾ ದೊಡ್ಡವುಗಳಲ್ಲಿ ಒಂದು, ಟಿಕೆಟ್ಟೂ ಹಾಗೇ ಇದೆ.

ಜಯನಗರ_4ನೇ_ಬ್ಲಾಕ್ · ಫೆಬ್ರವರಿ 10

ಹೈವೇ ಬೇಡ ಅಂತ ಕೂತರು, ತೋಟ ಸಿಕ್ಕಿತು. ನಾವು ಸ್ಟೀಲ್ ಬ್ರಿಜ್ ಬೇಡ ಅಂತ ಕೂತ್ವಿ, ಈಗ ಸುರಂಗ ಕೊಡ್ತೀವಿ ಅಂತಿದ್ದಾರೆ.

ಆದರೂ ಏಳು ದಿನ ಒಂದೇ ಊರಲ್ಲಿ ಏನು ಮಾಡ್ತಾರೆ ಸ್ವಾಮಿ? ಬೋರ್ ಆಗಲ್ವಾ?

ತೂರಿಯಾ_ತೀರ · ಫೆಬ್ರವರಿ 11

ಅದಕ್ಕೇ ಗಡಿಯಾರದ ವಿಷಯ ಹೇಳಬೇಕು. ನಮ್ಮವರು ಬಂದಾಗ ತಪ್ಪುವುದು ಜಾಗದಲ್ಲಿ ಅಲ್ಲ, ಟೈಮಿನಲ್ಲಿ.

ನಮ್ಮ ಲೆಕ್ಕದಲ್ಲಿ ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಎಂಟಕ್ಕೆ ರಾತ್ರಿ ಊಟ. ಇಲ್ಲಿ ಮಧ್ಯಾಹ್ನದ ಊಟ ಎರಡಕ್ಕೆ. ನಾಲ್ಕಕ್ಕೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆಗೆಯುವುದು ರಾತ್ರಿ ಎಂಟೂವರೆಗೆ. ಸಂಜೆ ಆರಕ್ಕೆ ಹೋಗಿ "ಊಟ ಇದೆಯಾ" ಅಂದರೆ ಪಾಪ ಅಂತ ನೋಡುತ್ತಾರೆ. ಸಣ್ಣ ಅಂಗಡಿಗಳೂ ಎರಡರಿಂದ ಐದರವರೆಗೆ ಬಾಗಿಲು ಎಳೆಯುತ್ತವೆ. ಮೇನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಆಸುಪಾಸು. ಅಂದರೆ ನಿಮ್ಮ ಸಂಜೆ ಐದು ಗಂಟೆ ಉದ್ದ ಇರುತ್ತದೆ.

ಹಾಗಾಗಿ ಬೆಳಿಗ್ಗೆ ಹಳೇ ಊರು ಅಥವಾ ಮಾರ್ಕೆಟ್. ಎರಡಕ್ಕೆ ಹೊಟ್ಟೆ ತುಂಬಾ ಊಟ. ಎಲ್ಲಾ ಕಡೆ "ಮೆನು ದೆಲ್ ದಿಯಾ" ಅಂತ ಬೋರ್ಡ್ ಇರುತ್ತದೆ, ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ. ಎರಡು ಐಟಂ, ಸಿಹಿ, ಕುಡಿಯಲು ಏನಾದರೂ ಸೇರಿ ಹದಿನೈದು ಯೂರೋ ಆಸುಪಾಸು. ಆಮೇಲೆ ರೂಮಿಗೆ ಹೋಗಿ ಮಲಗಿ. ತಪ್ಪೇನೂ ಇಲ್ಲ, ಊರೇ ಮಲಗಿರುತ್ತದೆ. ಐದೂವರೆಗೆ ಟ್ರಾಮ್ ಹತ್ತಿ ಬೀಚಿಗೆ. ಅಮ್ಮನಿಗೆ ಬಿಸಿಲು ತಾಗಲ್ಲ, ಮಗಳಿಗೆ ಎಂಟರವರೆಗೂ ಮರಳು. ಹೀಗೆ ಬದುಕಿದರೆ ಏಳು ದಿನ ಸಾಲಲ್ಲ ಸರ್. ಹೀಗೆ ಬದುಕದಿದ್ದರೆ ಎರಡು ದಿನವೂ ಜಾಸ್ತಿ.

ಬೀಚಿನ ಹೆಸರುಗಳು: ಊರಿಗೆ ಅಂಟಿಕೊಂಡು ಲಾಸ್ ಅರೆನಾಸ್, ಅದರ ಉತ್ತರಕ್ಕೆ ಮಾಲ್ವರೋಸಾ, ಇನ್ನೂ ಮುಂದೆ ಪತಕೋನಾ. ಒಂದೇ ಮರಳು, ಹೆಸರು ಬೇರೆ. ಅಗಲವಾದ ದಡ, ಹಲಗೆ ಹಾಸಿದ ದಾರಿ ನೀರಿನ ಹತ್ತಿರದವರೆಗೆ ಹೋಗುತ್ತದೆ, ಅಮ್ಮನ ಮಂಡಿಗೆ ಅನುಕೂಲ. ಬರುವಾಗ ಕಬನ್ಯಾಲ್ ಬೀದಿಗಳಲ್ಲಿ ಸುಮ್ನೆ ಸುತ್ತಿ. ಹಳೇ ಮೀನುಗಾರರ ಕೇರಿ, ಮನೆಗಳ ಮುಂಭಾಗಕ್ಕೆ ಹಸಿರು, ನೀಲಿ, ಹಳದಿ ಟೈಲ್ಸ್. ಒಂದರ ಹಾಗೆ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ಮೇ ಮೊದಲ ಭಾಗದಲ್ಲಿ ನೀರು ತಣ್ಣಗಿರುತ್ತದೆ. ಹದಿನೆಂಟು ಡಿಗ್ರಿ ಆಸುಪಾಸು. ನಮ್ಮ ಬೇಸಿಗೆ ರಜ ಅಂದರೆ ಅಲ್ಲಿ ಸಮುದ್ರ ಇನ್ನೂ ನಿದ್ದೆಯಿಂದ ಎದ್ದಿಲ್ಲ ಅಂತ. ಮಕ್ಕಳಿಗೆ ಅದೆಲ್ಲ ಲೆಕ್ಕ ಇಲ್ಲ, ದೊಡ್ಡವರು ಮಂಡಿಯವರೆಗೆ ಇಳಿದು "ಅಯ್ಯಪ್ಪಾ" ಅಂತಾರೆ.

ಪಡುಕರೆ_ಮೀನ್ · ಫೆಬ್ರವರಿ 11

ಸೂರ್ಯಾಸ್ತ ಅಂದಿರಲ್ಲ, ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ದಿನ ಮಾಲ್ವರೋಸಾದಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕು ಅಂತ ಸಮುದ್ರದ ಕಡೆ ಮುಖ ಮಾಡಿ ಕೂತೆ. ಎಂಟೂವರೆ ಆಯಿತು, ಒಂಬತ್ತಾಯಿತು. ಸಮುದ್ರ ಕಪ್ಪಾಗುತ್ತಾ ಬಂತು, ಸೂರ್ಯ ಇಲ್ಲ. ಹಿಂದೆ ತಿರುಗಿದರೆ ಫ್ಲ್ಯಾಟುಗಳ ಹಿಂದೆ ಕೆಂಪಗೆ ಮುಳುಗಿಯೇ ಹೋಗಿದ್ದಾನೆ. ನಲವತ್ತು ವರ್ಷ ಪಶ್ಚಿಮಕ್ಕೆ ಕಡಲು ನೋಡಿದ ಅಭ್ಯಾಸ ಮಾರಾಯ್ರೆ. ಅಲ್ಲಿ ಕಡಲು ಪೂರ್ವಕ್ಕೆ. ಸಮುದ್ರದಿಂದ ಹುಟ್ಟುತ್ತಾನೆ, ಊರಲ್ಲಿ ಮುಳುಗುತ್ತಾನೆ.

ತೂರಿಯಾ_ತೀರ · ಫೆಬ್ರವರಿ 11

ಹಹ್ಹಾ, ಇದು ಕರಾವಳಿಯವರಿಗೆಲ್ಲ ಆಗುತ್ತದೆ. ಸೂರ್ಯಾಸ್ತ ಬೇಕಾದರೆ ಅಲ್ಬುಫೇರಾಕ್ಕೆ ಹೋಗಬೇಕು. ಊರಿನ ದಕ್ಷಿಣಕ್ಕೆ ಹತ್ತು ಕಿಲೋಮೀಟರ್, ಸಿಹಿನೀರಿನ ದೊಡ್ಡ ಕೆರೆ, ಸುತ್ತ ಭತ್ತದ ಗದ್ದೆ. ಕೆರೆಗೂ ಸಮುದ್ರಕ್ಕೂ ನಡುವೆ ಪೈನ್ ಮರಗಳ ಒಂದು ಪಟ್ಟಿ ಕಾಡು, ಅಷ್ಟೇ. ಸಿಟಿ ಬಸ್ಸು ಹೋಗುತ್ತದೆ. ಸಂಜೆ ದೋಣಿಯವರು ತಲೆಗೆ ಐದಾರು ಯೂರೋ ತಗೊಂಡು ಮುಕ್ಕಾಲು ಗಂಟೆ ಸುತ್ತಿಸುತ್ತಾರೆ. ಮೇ ತಿಂಗಳು ಗದ್ದೆಗೆ ನೀರು ಕಟ್ಟಿ ಬಿತ್ತುವ ಕಾಲ, ಕಣ್ಣು ಹಾಯುವವರೆಗೂ ಕನ್ನಡಿ. ಜುಲೈನಲ್ಲಿ ಬಂದರೆ ಹಸಿರು, ಸೆಪ್ಟೆಂಬರಲ್ಲಿ ಕೊಯ್ಲು.

ಮಂಡ್ಯ_ನಾಲೆ · ಫೆಬ್ರವರಿ 12

ಗದ್ದೆ ಅಂದ್ರಲ್ಲ, ಈಗ ನಾನು ಬಾಯಿ ಬಿಡಲೇಬೇಕು.

ಆಫೀಸ್ ಕೆಲಸಕ್ಕೆ ಒಂದು ವಾರ ಆ ಊರಿಗೆ ಹೋಗಿದ್ದೆ. ಜೊತೆಯವರು "ಗುರುವಾರ ಹನ್ನೆರಡಕ್ಕೆ ಚರ್ಚ್ ಬಾಗಿಲ ಹತ್ತಿರ ಬಾ, ಒಂದು ಕೋರ್ಟು ತೋರಿಸ್ತೀನಿ" ಅಂದರು. ಕ್ಯಾಥೆಡ್ರಲ್‌ನ ಒಂದು ಬಾಗಿಲು, ಅಪೊಸ್ತಲರ ಬಾಗಿಲು ಅಂತಾರೆ. ಅದರ ಮುಂದೆ ಅರ್ಧ ಚಂದ್ರಾಕಾರದಲ್ಲಿ ಮರದ ಕುರ್ಚಿ. ಗಂಟೆ ಹನ್ನೆರಡು ಹೊಡೆಯಿತು. ಕಪ್ಪು ನಿಲುವಂಗಿ ಹಾಕಿದ ಎಂಟು ಜನ ಬಂದು ಕೂತರು. ಲಾಯರ್ ಅಲ್ಲ, ಜಡ್ಜ್ ಅಲ್ಲ. ರೈತರು! ಎಂಟು ಕಾಲುವೆಗೆ ಒಬ್ಬೊಬ್ಬರು, ಆಯಾ ಕಾಲುವೆಯವರೇ ಆರಿಸಿ ಕಳಿಸಿದವರು. ಒಬ್ಬ ಎದ್ದು ಒಂದೊಂದು ಕಾಲುವೆ ಹೆಸರು ಹಿಡಿದು "ಈ ಕಾಲುವೆ ಮೇಲೆ ದೂರು ಯಾರದ್ದಾದರೂ ಇದೆಯಾ" ಅಂತ ಕೂಗಿದ. ಅವತ್ತು ಯಾರದ್ದೂ ಇರಲಿಲ್ಲ. ಐದು ನಿಮಿಷಕ್ಕೆ ಎದ್ದು ಹೋದರು.

ವಾದ, ತೀರ್ಪು ಎಲ್ಲಾ ಬಾಯಿಮಾತಲ್ಲಿ. ನಿನ್ನ ಸರದಿ ಅಲ್ಲದಾಗ ನೀರು ತಿರುಗಿಸಿಕೊಂಡ್ಯಾ, ಕಾಲುವೆ ಹೂಳು ಎತ್ತಲಿಲ್ಲವಾ, ಪಕ್ಕದವನ ಗದ್ದೆಗೆ ನೀರು ನುಗ್ಗಿಸಿದ್ಯಾ, ಇಂಥವೇ ಕೇಸು. ಸಾವಿರ ವರ್ಷದಷ್ಟು ಹಳೇದು ಅಂತಾರೆ. ಅರಬ್ಬರ ಕಾಲದ ಕಾಲುವೆಗಳು. ಯುನೆಸ್ಕೋ 2009ರಲ್ಲಿ ಪಟ್ಟಿಗೆ ಸೇರಿಸಿತು.

ನನಗೆ ನಮ್ಮೂರ ನೀರುಗಂಟಿ ನೆನಪಾದ. ಕೆರೆ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಹೇಳೋದು ಅವನೇ. ಅವನ ಮಾತಿಗೆ ಎದುರಾಡಿದವರಿಲ್ಲ. ಅವನ ಮಗ ಈಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. ಆ ಎಂಟು ಜನ ಕುರ್ಚಿ ಎತ್ತಿಡುವವರೆಗೂ ನಾನು ಅಲ್ಲೇ ನಿಂತಿದ್ದೆ.

ಮೇಡಂ, ಗುರುವಾರ ತಪ್ಪಿಸಬೇಡಿ. ಟಿಕೆಟ್ ಇಲ್ಲ, ಹನ್ನೊಂದೂ ಮುಕ್ಕಾಲಿಗೇ ಹೋಗಿ ಮುಂದೆ ನಿಂತುಕೊಳ್ಳಿ.

ರೇಷ್ಮೆಗೂಡು · ಫೆಬ್ರವರಿ 12

ರಾಮನಗರದವಳು ನಾನು. ಅಪ್ಪ ರೀಲರ್ ಆಗಿದ್ದರು, ಗೂಡಿನಿಂದ ರೇಷ್ಮೆ ನೂಲು ತೆಗೆಸುವ ಕೆಲಸ. ಮಾರ್ಕೆಟ್‌ನಲ್ಲಿ ಗೂಡಿನ ರಾಶಿಗೆ ಕೈ ಹಾಕಿ, ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ ರೇಟು ಕೂಗುವುದನ್ನು ನೋಡಿಯೇ ಬೆಳೆದದ್ದು.

ಹಾಗಾಗಿ ನನಗೆ ಆ ಊರಲ್ಲಿ ಇಷ್ಟವಾಗಿದ್ದು ಲೋಂಖಾ, ರೇಷ್ಮೆ ವ್ಯಾಪಾರದ ಹಳೇ ಕಟ್ಟಡ. 1482ರಲ್ಲಿ ಕಟ್ಟಲು ಶುರು ಮಾಡಿದ್ದು. ಒಳಗಿನ ಕಂಬಗಳು ನೆಟ್ಟಗಿಲ್ಲ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೆ ಹೋಗಿ ತಾಳೆಗರಿಯ ಹಾಗೆ ಬಿಚ್ಚಿಕೊಳ್ಳುತ್ತವೆ. ಗೋಡೆಯ ಮೇಲೆ ಸುತ್ತಲೂ ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ. ಮಾತಲ್ಲಿ ಮೋಸ ಮಾಡದ, ಬಡ್ಡಿಗೆ ಕೊಡದ ವ್ಯಾಪಾರಿ ಉದ್ಧಾರ ಆಗುತ್ತಾನೆ ಅನ್ನೋ ಅರ್ಥ. ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. "ಬಡ್ಡಿ ಇಲ್ಲದೆ ಗೂಡು ಯಾರು ಕೊಳ್ತಾರಮ್ಮ" ಅಂದರು.

ಎದುರಿಗೇ ಸೆಂಟ್ರಲ್ ಮಾರ್ಕೆಟ್. 1928ರಲ್ಲಿ ತೆರೆದದ್ದು, ಕಬ್ಬಿಣ, ಗಾಜು, ಟೈಲ್ಸ್‌ನ ದೊಡ್ಡ ಕಟ್ಟಡ, ಗುಮ್ಮಟ ಬೇರೆ. ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ, ಭಾನುವಾರ ಇಲ್ಲ. ಟೊಮೇಟೊದಲ್ಲೇ ಹತ್ತು ಬಗೆ. ಹಣ್ಣು ಮುಟ್ಟಿ ನೋಡಬೇಡಿ, ಅವರೇ ಆರಿಸಿ ಕೊಡುತ್ತಾರೆ. ನಾನು ಅಭ್ಯಾಸಬಲದಿಂದ ಒಂದು ಕಿತ್ತಳೆ ಒತ್ತಿ ನೋಡಿ ಬೈಸಿಕೊಂಡೆ.

ಕಿತ್ತಳೆ ಅಂದ ಮೇಲೆ, ಬೀದಿ ಬದಿಯ ಮರಗಳಲ್ಲಿ ತೂಗುವ ಕಿತ್ತಳೆಯನ್ನು ಯಾರೂ ಕಿತ್ತು ತಿನ್ನಬೇಡಿ. ಅವು ಕಹಿ ಜಾತಿ. ನನ್ನ ತಮ್ಮ ತಿಂದ.

ಪೇಢೆ_ಡಬ್ಬಿ · ಫೆಬ್ರವರಿ 13

ಏನ್ರೀ, ಊಟದ ಮಾತು ಯಾರೂ ತೆಗೀಲೇ ಇಲ್ಲ? ಅಮ್ಮಾವ್ರು ಮೊಟ್ಟೆನೂ ತಿನ್ನಂಗಿಲ್ಲ ಅಂದ್ರ ಅಲ್ಲಿ ಏನ್ ಕೊಡ್ತೀರಿ?

ತೂರಿಯಾ_ತೀರ · ಫೆಬ್ರವರಿ 13

ಪೇಢೆ ಸರ್ ಸರಿಯಾದ ಪ್ರಶ್ನೆ ಕೇಳಿದರು.

ಕಷ್ಟ ಇದೆ, ಆದರೆ ಉಪವಾಸ ಇಲ್ಲ. ಮೊದಲ ಪಾಠ: ಇಲ್ಲಿ "ಮಾಂಸ ಬೇಡ" ಅಂದರೆ ಸಾಲದು. ಹಂದಿಯ ಹ್ಯಾಮ್ ಮಾಂಸದ ಲೆಕ್ಕಕ್ಕೇ ಇಲ್ಲ ಅಂದುಕೊಂಡವರಿದ್ದಾರೆ. ಟ್ಯೂನಾ ಮೀನು ಸಲಾಡ್ ಮೇಲೆ ಉದುರಿಸಿ ತರಕಾರಿ ಅಂತಾರೆ. "ಸಿನ್ ಕಾರ್ನೆ, ಸಿನ್ ಖಮೋನ್, ಸಿನ್ ಪೆಸ್ಕಾದೋ, ಸಿನ್ ಉಯೆವೋ" ಅಂತ ನಾಲ್ಕನ್ನೂ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಮಾಂಸ, ಹ್ಯಾಮ್, ಮೀನು, ಮೊಟ್ಟೆ, ನಾಲ್ಕೂ ಇಲ್ಲ.

ಎರಡನೇ ಪಾಠ ಪಾಯೆಯಾ, ಅಗಲ ಬಾಣಲೆಯಲ್ಲಿ ಬೇಯಿಸುವ ಅಕ್ಕಿಯ ಅಡುಗೆ. ಇದು ಈ ಊರಿನದ್ದೇ. ಪಾಯೆಯಾ ಅನ್ನೋದು ಮೂಲದಲ್ಲಿ ಆ ಬಾಣಲೆಯ ಹೆಸರು, ಅದೇ ಅಡುಗೆಗೂ ಬಂತು. ಅಸಲಿ ವೆಲೆನ್ಸಿಯಾ ಪಾಯೆಯಾದಲ್ಲಿ ಕೋಳಿ, ಮೊಲ, ಹಸಿ ಹುರುಳಿಕಾಯಿ, ದೊಡ್ಡ ಬಿಳಿ ಅವರೆಯಂಥ ಕಾಳು, ಕೇಸರಿ. ಮೀನು, ಸಿಗಡಿ ಹಾಕಿದ್ದು ಬೇರೆ ಬಗೆ. ತರಕಾರಿ ಪಾಯೆಯಾ ಸಿಗುತ್ತದೆ. ಆದರೆ ಅಕ್ಕಿ ಬೇಯಿಸುವ ಸಾರು ಯಾವುದು ಅಂತ ಕೇಳಲೇಬೇಕು. ಮೇಲೆ ಬರೀ ತರಕಾರಿ, ಕೆಳಗೆ ಕೋಳಿ ಸಾರು ಇರಬಹುದು. "ಕಾಲ್ದೋ ದೆ ವೆರ್ದುರಾಸ್?" ಅಂತ ಕೇಳಿ. ಇಬ್ಬರಿಗೆ ಕಮ್ಮಿ ಮಾಡಲ್ಲ, ಮುಕ್ಕಾಲು ಗಂಟೆ ಕಾಯಬೇಕು. ಅರ್ಧ ಗಂಟೆಗೆ ಮೊದಲೇ ತಂದಿಟ್ಟರೆ ಅದು ಮೊದಲೇ ಮಾಡಿಟ್ಟದ್ದು. ಇನ್ನೊಂದು, ಅದು ಮಧ್ಯಾಹ್ನದ ಊಟ. ರಾತ್ರಿ ಪಾಯೆಯಾ ತಿನ್ನುವವರು ಟೂರಿಸ್ಟ್‌ಗಳು ಮಾತ್ರ.

ತಳದಲ್ಲಿ ಹಿಡಿದ ಕಂದು ಅಕ್ಕಿಗೆ ಸೊಕರ್ರಾತ್ ಅಂತಾರೆ. ನಮ್ಮ ಮನೆಯಲ್ಲಿ ತಳ ಹಿಡಿಸಿದರೆ ಬೈಗುಳ, ಇಲ್ಲಿ ಹಿಡಿಸದಿದ್ದರೆ ಬೈಗುಳ.

ಅಮ್ಮನಿಗೆ ನಿಜವಾಗಿ ಇಷ್ಟವಾಗುವುದು ಓರ್ಚಾತಾ. ಚುಫಾ ಅನ್ನೋ ಸಣ್ಣ ಗಡ್ಡೆ ನೆನೆಸಿ, ರುಬ್ಬಿ, ಹಿಂಡಿ, ಸಕ್ಕರೆ ಹಾಕಿದ ತಣ್ಣನೆ ಹಾಲು. ಹಸುವಿನ ಹಾಲಿಲ್ಲ. ಗದ್ದೆಯಲ್ಲಿ ಕಳೆ ಅಂತ ಕಿತ್ತು ಎಸೆಯುತ್ತೇವಲ್ಲ ಜೇಕು, ಅದರ ದಾಯಾದಿ ಈ ಚುಫಾ. ಊರಿನ ಉತ್ತರಕ್ಕೆ ಅಲ್ಬೊರಾಯಾ ಅಂತ ಇದೆ, ಮೆಟ್ರೋದಲ್ಲೇ ಹೋಗಬಹುದು, ಅಲ್ಲಿನ ಹೊಲಗಳಲ್ಲಿ ಬೆಳೆಯುತ್ತಾರೆ. ಜೊತೆಗೆ ಅದ್ದಿ ತಿನ್ನಲು ಫಾರ್ತೋನ್ ಅನ್ನೋ ಉದ್ದನೆ ಬನ್ ಕೊಡುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ, ಅಮ್ಮನಿಗೆ ಬೇಡ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಮಾಡಿ. ದಿನಕ್ಕೊಂದು ಹೊತ್ತು ಅನ್ನ, ತಿಳಿಸಾರು ಆದರೆ ಎಲ್ಲರೂ ಖುಷಿ.

ಪೇಢೆ_ಡಬ್ಬಿ · ಫೆಬ್ರವರಿ 13

ಜೇಕಿನ ಹಾಲಾ! ನಮ್ಮಪ್ಪ ಜೀವಮಾನವಿಡೀ ಕಿತ್ತಿ ಬದುವಿನ ಮ್ಯಾಲೆ ಹಾಕಿದ್ದೆಲ್ಲಾ ಯೂರೋ ಆಗಿತ್ತಲ್ರೀ.

ಮೈಸೂರ್_ಪಾಕ್ · ಫೆಬ್ರವರಿ 14

ಎಲ್ಲರಿಗೂ ಥ್ಯಾಂಕ್ಸ್. ಮೂರು ಬಾರ್ಸಿಲೋನಾ, ಏಳು ವೆಲೆನ್ಸಿಯಾ ಅಂತ ಮನೆಯಲ್ಲಿ ಪಾಸಾಯಿತು. ಎರಡು ಪ್ರಶ್ನೆ. 2024ರಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂದಿತ್ತಲ್ವಾ, ಈಗ ಹೋಗಬಹುದಾ? ಇನ್ನೊಂದು, ಬೀಚಲ್ಲಿ ಅಮ್ಮ ಸೀರೆಯಲ್ಲಿ ಕೂತರೆ ಜನ ನೋಡ್ತಾರಾ?

ತೂರಿಯಾ_ತೀರ · ಫೆಬ್ರವರಿ 14

ಹೋಗಬಹುದು. 2024ರ ಅಕ್ಟೋಬರ್ 29ರ ಆ ರಾತ್ರಿ ಈ ಪ್ರಾಂತ್ಯದಲ್ಲಿ ಇನ್ನೂರ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಮುಳುಗಿದ್ದು ಬಹುಪಾಲು ದಕ್ಷಿಣದ ಪಟ್ಟಣಗಳು, ಪೈಪೋರ್ತಾ, ಕತರೋಖಾ ಕಡೆ. 1957ರ ನಂತರ ತೋಡಿದ ಆ ಹೊಸ ಕಾಲುವೆಯಿಂದ ಊರಿನ ನಡುಭಾಗ ಉಳಿಯಿತು. ಕಾಲುವೆಯ ಆ ಕಡೆ ಇದ್ದವರಿಗೆ ಆ ಅದೃಷ್ಟ ಇರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಕೆಸರು ಎತ್ತಲು ಹೋಗಿದ್ದೆವು. ಸೊಂಟದವರೆಗೆ ಗೋಡೆಯಲ್ಲಿ ಗೆರೆ. ಊರಿನಿಂದ ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ಸೇತುವೆ ಮೇಲೆ ನಡೆದೇ ಹೋದರು. ಇದು ನೋಡಲು ಹೋಗುವ ಜಾಗ ಅಲ್ಲ, ಆದರೆ ಬಂದವರಿಗೆ ಗೊತ್ತಿರಲಿ ಅಂತ ಹೇಳಿದೆ.

ಸೀರೆ: ಯಾರೂ ನೋಡಲ್ಲ. ನೋಡಿದರೂ ಚಂದ ಅಂತ ಹೇಳಿ ಹೋಗುತ್ತಾರೆ. ಅಮ್ಮನಿಗೇ ಮೊದಲು ಹೇಳಿಡಿ, ಅಲ್ಲಿ ಕೆಲವು ಹೆಂಗಸರು ಮೇಲೆ ಬಟ್ಟೆ ಇಲ್ಲದೆ ಬಿಸಿಲಿಗೆ ಮಲಗಿರುತ್ತಾರೆ, ಅದು ಅಲ್ಲಿ ಮಾಮೂಲು.

ಜಯನಗರ_4ನೇ_ಬ್ಲಾಕ್ · ಫೆಬ್ರವರಿ 15

ನನ್ನ ಕಡೆಯಿಂದ ಪೇಪರ್ ಕೆಲಸ. ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಸೆಂಟರ್‌ನವರ ಸರ್ವೀಸ್ ಚಾರ್ಜ್ ಬೇರೆ. ಇನ್ಶೂರೆನ್ಸ್ ಕನಿಷ್ಠ ಮೂವತ್ತು ಸಾವಿರ ಯೂರೋದ್ದು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ನೀವು ಈಗಲೇ ಲೇಟು, ನಾಳೆಯೇ ಸ್ಲಾಟ್ ನೋಡಿ. ಹೋದ ಸಲ ನಮ್ಮ ಏಜೆಂಟ್ ಇನ್ಶೂರೆನ್ಸ್‌ನಲ್ಲಿ ಒಂದು ದಿನ ಕಮ್ಮಿ ಹಾಕಿದ್ದ, ಕೌಂಟರ್‌ನಿಂದ ವಾಪಸ್ ಕಳಿಸಿದರು. ತಾರೀಖು ನೀವೇ ಎಣಿಸಿ.

ಬಾರ್ಸಿಲೋನಾ ಮೆಟ್ರೋದಲ್ಲಿ ಫೋನ್ ಹಿಂದಿನ ಜೇಬಲ್ಲಿ ಇಡಬೇಡಿ. ನನ್ನ ಭಾವನ ಫೋನು ಎಸ್ಕಲೇಟರ್ ಹತ್ತುವಾಗ ಇತ್ತು, ಇಳಿಯುವಾಗ ಇರಲಿಲ್ಲ. ಈಗಲೂ ಬಾರ್ಸಿಲೋನಾನೇ ಮೇಲು ಅಂತೀನಿ.

ಮೈಸೂರ್_ಪಾಕ್ · ಮೇ 24

ಹೋಗಿ ಬಂದೆವು! ಹೇಳಿದ್ದೆಲ್ಲ ನೆನಪಿಟ್ಟುಕೊಂಡಿದ್ದೆ, ಅದಕ್ಕೇ ವರದಿ ಒಪ್ಪಿಸುತ್ತಿದ್ದೇನೆ.

ಬಾರ್ಸಿಲೋನಾ: ಚರ್ಚ್ ಅದ್ಭುತ, ಜಯನಗರ ಸರ್ ಹೇಳಿದ ಹೊತ್ತಿಗೇ ಹೋದೆವು. ಅಮ್ಮ ಕೆಂಪು ಬೆಳಕಲ್ಲಿ ಕೈ ಇಟ್ಟು ನೋಡಿಕೊಂಡರು. ಉಳಿದದ್ದೆಲ್ಲ ಜನ, ಜನ, ಜನ.

ವೆಲೆನ್ಸಿಯಾ: ಮೊದಲೆರಡು ದಿನ ಗಡಿಯಾರಕ್ಕೆ ಒಗ್ಗಲಿಲ್ಲ. ಏಳು ಗಂಟೆಗೆ ಹಸಿದು ಬೀಚ್ ಪಕ್ಕದ ಒಂದು ಹೋಟೆಲಿಗೆ ನುಗ್ಗಿದೆವು. ಹದಿನೈದೇ ನಿಮಿಷಕ್ಕೆ ತರಕಾರಿ ಪಾಯೆಯಾ ಬಂತು. ನೀವು ಹೇಳಿದ್ದು ನೆನಪಾಗಿ ಸಾರಿನ ಬಗ್ಗೆ ಕೇಳಿದೆ. ಹುಡುಗ ಒಳಗೆ ಹೋಗಿ ಬಂದು "ಪೋಯೋ" ಅಂದ. ಕೋಳಿ. ಅಮ್ಮ ಅವತ್ತು ಬ್ರೆಡ್ಡು, ಟೊಮೇಟೊ ತಿಂದರು. ಬಿಲ್ ಮಾತ್ರ ಪೂರ್ತಿ. ಮೂರನೇ ದಿನದಿಂದ ಮಧ್ಯಾಹ್ನ ಮಲಗಲು ಕಲಿತೆವು. ಅಲ್ಲಿಂದ ರಜ ಶುರು.

ಮೇ ಎರಡನೇ ಭಾನುವಾರ ಅಲ್ಲಿ ಊರ ದೇವಿಯ ಹಬ್ಬ ಅಂತ ಯಾರೂ ಹೇಳಿರಲಿಲ್ಲ! ಬಸಿಲಿಕಾದಿಂದ ಪಕ್ಕದ ಕ್ಯಾಥೆಡ್ರಲ್‌ಗೆ ದೇವಿಯ ವಿಗ್ರಹ ಹೊತ್ತು ತರುತ್ತಾರೆ. ಸ್ವಲ್ಪವೇ ದೂರ, ಆದರೆ ಜನ ಬಿಟ್ಟರೆ ತಾನೇ. ಎಲ್ಲರಿಗೂ ಮುಟ್ಟಬೇಕು. ಸಣ್ಣ ಮಕ್ಕಳನ್ನು ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮುಟ್ಟಿಸುತ್ತಿದ್ದರು. ಅಮ್ಮ ದೂರದಲ್ಲಿ ಮೆಟ್ಟಿಲ ಮೇಲೆ ನಿಂತು "ನಂಜನಗೂಡು ತೇರು ಕಣೇ" ಅಂದು ಕೈ ಮುಗಿದರು. ಪಕ್ಕದ ಅಜ್ಜಿ ಅಮ್ಮನ ಕೈ ಹಿಡಿದು ಏನೋ ಹೇಳಿದರು, ಇವರು ಕನ್ನಡದಲ್ಲಿ ಉತ್ತರ ಕೊಟ್ಟರು. ಹತ್ತು ನಿಮಿಷ ಮಾತಾಡಿದರು.

ಗುರುವಾರದ ನೀರಿನ ಕೋರ್ಟಿಗೂ ಹೋದೆವು. ನಮ್ಮ ಸರದಿಗೂ ಕೇಸ್ ಇರಲಿಲ್ಲ. ಮಗಳಿಗೆ ಬೇಜಾರಾಯಿತು, ಯಾರಾದರೂ ಜೈಲಿಗೆ ಹೋಗ್ತಾರೆ ಅಂದುಕೊಂಡಿದ್ದಳು. ಗಲಿವರ್ ಹತ್ತಿರ ಮೂರು ಸಂಜೆ. ನನ್ನ ಗಂಡ ಮಾರ್ಕೆಟ್ಟಿಗೆ ನಾಲ್ಕು ಸಲ.

ಮುಖ್ಯ ವಿಷಯ. ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆ ಅಂತ ಪಡುಕರೆಯವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೆ. ಕೊನೆಯ ದಿನ "ನನ್ನ ಕರೆದುಕೊಂಡು ಹೋಗು" ಅಂದರು. ಆರಕ್ಕೆ ಏಳಲ್ಲ ಅಂತ ಶಪಥ ಮಾಡಿದ್ದ ನಾನೇ ಐದೂಮುಕ್ಕಾಲಿಗೆ ಎದ್ದು ಟ್ಯಾಕ್ಸಿ ಮಾಡಿದೆ. ಬೀಚಲ್ಲಿ ಯಾರೂ ಇಲ್ಲ. ಮರಳು ಬಾಚುವ ಟ್ರ್ಯಾಕ್ಟರ್ ಒಂದು ಆ ತುದಿಯಿಂದ ಬರುತ್ತಿತ್ತು. ಅಮ್ಮ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಕಟ್ಟಿ ಪಾದ ಮುಳುಗುವಷ್ಟು ನೀರಿಗೆ ಇಳಿದರು. ಚಳಿಗೆ ಒಮ್ಮೆ ಹಿಂದೆ ಬಂದು, ಮತ್ತೆ ಇಳಿದರು. ಏಳಕ್ಕೆ ಹತ್ತು ನಿಮಿಷ ಇರುವಾಗ ಕೆಂಪು ಅಂಚು ಕಂಡಿತು. ಬೊಗಸೆಯಲ್ಲಿ ನೀರು ಎತ್ತಿ ಅರ್ಘ್ಯ ಬಿಟ್ಟರು. ಟ್ರ್ಯಾಕ್ಟರ್ ನಮ್ಮ ಹತ್ತಿರ ಬಂದು ನಿಂತುಬಿಟ್ಟಿತು. ಡ್ರೈವರ್ ಇಂಜಿನ್ ಆರಿಸಿ ಕಾಯುತ್ತಾ ಕೂತ. ಅಮ್ಮ ದಡಕ್ಕೆ ಬಂದ ಮೇಲೆ ಕೈ ಬೀಸಿ, ಮತ್ತೆ ಸ್ಟಾರ್ಟ್ ಮಾಡಿಕೊಂಡು, ನಮ್ಮ ಹೆಜ್ಜೆಗಳ ಮೇಲೆ ಮರಳು ಬಾಚಿಕೊಂಡು ಹೋದ.

ಪಡುಕರೆ_ಮೀನ್ · ಮೇ 24

ಮಾರಾಯ್ರೆ, ನಾನು ಅಷ್ಟು ದಿನ ಇದ್ದೂ ಬೆಳಿಗ್ಗೆ ಏಳಲೇ ಇಲ್ಲ.

ಮಂಡ್ಯ_ನಾಲೆ · ಮೇ 25

ಏನು ತಂದ್ರಿ ಮೇಡಂ ಅಲ್ಲಿಂದ?

ಮೈಸೂರ್_ಪಾಕ್ · ಮೇ 25

ಕೇಸರಿ ಸ್ವಲ್ಪ, ಪಾಯೆಯಾಕ್ಕೆ ಹಾಕುವ ಬೋಂಬಾ ಅಕ್ಕಿ ಎರಡು ಕೆಜಿ. ಆಮೇಲೆ ನನ್ನ ಗಂಡ ಮಾರ್ಕೆಟ್ ಹಿಂದಿನ ಪಾತ್ರೆ ಅಂಗಡಿಯಲ್ಲಿ ಒಂದು ಪಾಯೆಯಾ ಬಾಣಲೆ ತಗೊಂಡರು. ನಲವತ್ತು ಸೆಂಟಿಮೀಟರ್. ಸೂಟ್‌ಕೇಸಿಗೆ ಹಿಡಿಸದೆ ಬೆನ್ನಿಗೆ ಕಟ್ಟಿಕೊಂಡು ಬಂದರು, ಎಕ್ಸ್‌ರೇ ಮೆಷಿನ್ ಹತ್ತಿರ ಎಲ್ಲರೂ ನಗುತ್ತಿದ್ದರು. ನಮ್ಮ ಒಲೆಯ ಮೇಲೆ ಇಟ್ಟರೆ ನಡುವೆ ಮಾತ್ರ ಬೇಯುತ್ತದೆ, ಸುತ್ತ ಅಕ್ಕಿ ಅಕ್ಕಿಯಾಗೇ ಇರುತ್ತದೆ.

ಅಮ್ಮ ಅದರಲ್ಲಿ ಬಾಳೆಎಲೆ ಹಾಸಿ ತಾರಸಿ ಮೇಲೆ ಸಂಡಿಗೆ ಒಣಗಿಸುತ್ತಿದ್ದಾರೆ. ಎರಡೂ ಕಡೆ ಹಿಡಿ ಇದೆ ನೋಡಿ, ಮಳೆ ಹನಿ ಬಿದ್ದರೆ ಒಂದೇ ಸಲಕ್ಕೆ ಎತ್ತಿಕೊಂಡು ಓಡಬಹುದು.